ಹೆಸರು ಕೊಲ್ಹಾಪುರದ್ದು, ಹೊಲಿಗೆ ಅಥಣಿಯದು

ಅಥಣಿಯ ಸಮಗಾರ ಓಣಿಯಲ್ಲಿ ಹೊಲಿದ ಜೋಡು ಮಿರಜ ದಾಟಿ ಕೊಲ್ಹಾಪುರದ ಚಪ್ಪಲ್ ಲೈನ್ ಮುಟ್ಟುವಷ್ಟರಲ್ಲಿ ತನ್ನ ಊರನ್ನು ಬದಲಿಸಿಕೊಂಡಿರುತ್ತದೆ. ಮಹಾಲಕ್ಷ್ಮಿಯ ದರ್ಶನ ಮುಗಿಸಿ ಬಂದವರು ಅದನ್ನು ಕೊಲ್ಹಾಪುರಿ ಎಂದು ಕೇಳಿ ಕೊಳ್ಳುತ್ತಾರೆ, ಅಂಗಡಿಯವರು ಕೊಲ್ಹಾಪುರಿ ಎಂದೇ ಕೊಡುತ್ತಾರೆ. ಇದರಲ್ಲಿ ಮೋಸವೇನಿಲ್ಲ; ಕಾನೂನು ಕೂಡ ಈಗ ಅದನ್ನು ಅದೇ ಹೆಸರಿನಿಂದ ಗುರುತಿಸುತ್ತದೆ. ಅಂಗಡಿಯ ಬೆಳಕಿನಲ್ಲಿ ಮಿನುಗುವ ಆ ಜೋಡಿನ ಅಟ್ಟೆ ಬಡಿದವರು, ಪಟ್ಟಿ ಹೆಣೆದವರು ಅಥಣಿ, ನಿಪ್ಪಾಣಿ, ಮದಭಾವಿ, ಚಿಕ್ಕೋಡಿ, ರಾಯಬಾಗದ ಕಡೆಯವರೂ ಆಗಿರಬಹುದು ಎಂಬುದು ಮಾತ್ರ ಗಿರಾಕಿಯ ಕಿವಿಗೆ ಬೀಳುವುದಿಲ್ಲ.

ಹೆಸರು ಹೋದರೆ ಹೋಗಲಿ ಎನ್ನಬಹುದಿತ್ತು. ಹೆಸರಿನ ಬೆನ್ನಿಗೆ ಲೆಕ್ಕವೂ ಹೋಯಿತು. ಕೇರಿಯ ಜನ ಹಗಲು ರಾತ್ರಿ ದುಡಿದರೂ ಮಾಲಿಗೆ ದರ ಕಟ್ಟುವವನು ಬೇರೆ ಊರಿನ ಗಾದಿಯ ಮೇಲೆ ಕೂತಿದ್ದರೆ ಆ ಕೇರಿಯ ಗೋಡೆಗೆ ಸುಣ್ಣ ಹತ್ತುವುದಿಲ್ಲ. ಗಡಿಭಾಗದ ಚಪ್ಪಲಿ ಕಸುಬಿನ ಕಳೆದ ನೂರು ವರ್ಷದ ಕಥೆಯಲ್ಲಿ ಹೆಚ್ಚಿನ ಪುಟಗಳು ಇದರದೇ. ಆ ಲೆಕ್ಕದ ಪುಸ್ತಕವನ್ನು ಕೇರಿಗೆ ತಂದುಕೊಳ್ಳಲು ನಡೆದ ಪ್ರಯತ್ನಗಳದು ಉಳಿದ ಪುಟಗಳು.

ಹಾಗೆ ನೋಡಿದರೆ ಈ ಭಾಗಕ್ಕೆ ಕೊಲ್ಹಾಪುರ ಪರಸ್ಥಳವಲ್ಲ. ರಾಯಬಾಗ 1949ರವರೆಗೂ ಕೊಲ್ಹಾಪುರ ಸಂಸ್ಥಾನಕ್ಕೇ ಸೇರಿತ್ತು. ಅಥಣಿ, ಚಿಕ್ಕೋಡಿ, ನಿಪ್ಪಾಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು. ನಡುನಡುವೆ ಸಾಂಗಲಿ, ಮಿರಜ, ಕುರುಂದವಾಡದ ಪಟವರ್ಧನರ ಹಳ್ಳಿಗಳು ಚೆಲ್ಲಾಪಿಲ್ಲಿಯಾಗಿ ಹರಡಿದ್ದವು. ಯಾವ ಊರಿಗೆ ಯಾರು ಧಣಿ ಎಂದು ಸಂತೆಗೆ ಹೊರಟವನು ಕೇಳುತ್ತಿರಲಿಲ್ಲ. 1891ರಲ್ಲಿ ಮಿರಜದಿಂದ ಕೊಲ್ಹಾಪುರಕ್ಕೆ ರೈಲು ಬಂತು. ಬೆಳಗಾವಿಯಿಂದ ಮಿರಜಕ್ಕೆ ಹೋಗುವ ಹಳಿಯ ಮೇಲೆ ರಾಯಬಾಗ, ಚಿಂಚಲಿ, ಕುಡಚಿ, ಉಗಾರ, ಶೇಡಬಾಳಗಳಿದ್ದವು. ದೊಡ್ಡ ಪೇಟೆ ಹತ್ತಿರವಾಯಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದು, ಕೊಲ್ಹಾಪುರ ಮುಂಬಯಿ ರಾಜ್ಯದಲ್ಲೇ ಉಳಿದಾಗ, ಹೊಲಿಯುವ ಕೇರಿ ಒಂದು ರಾಜ್ಯಕ್ಕೂ ಮಾರುವ ಪೇಟೆ ಇನ್ನೊಂದಕ್ಕೂ ಸೇರಿದವು. ಗಡಿ ವಿವಾದಕ್ಕೆಂದು ನೇಮಕವಾದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟು ನಿಪ್ಪಾಣಿ ಯಾರದು ಎಂಬ ಜಗಳವನ್ನು ಇನ್ನಷ್ಟು ಕಾಯಿಸಿತು. ಚಪ್ಪಲಿಯ ಗಂಟು ಮಾತ್ರ ಆಗಲೂ ಎಂದಿನಂತೆ ಗಡಿ ದಾಟುತ್ತಿತ್ತು.

ಕಸುಬು ಇಬ್ಬರದು. ತೊಗಲು ಹದ ಮಾಡುವವರು ಢೋರರು, ಹದವಾದ ತೊಗಲನ್ನು ಚಪ್ಪಲಿ ಮಾಡುವವರು ಸಮಗಾರರು. ಇಬ್ಬರಿಗೂ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಒಬ್ಬೊಬ್ಬ ಹಿರಿಯ ಇದ್ದಾನೆ. ಢೋರ ಕಕ್ಕಯ್ಯ ಶರಣರ ದಂಡಿನೊಂದಿಗೆ ಉಳವಿಯತ್ತ ಹೋಗುವಾಗ ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ ಬಿದ್ದ ಎಂದು ಜನ ನಂಬುತ್ತಾರೆ, ಅಲ್ಲಿ ಅವನ ಗುಡಿಯಿದೆ. ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನವರಿಗೆ ಪಾದರಕ್ಷೆ ಮಾಡಿದರೆಂಬ ಕಥೆ ಉತ್ತರ ಕರ್ನಾಟಕದಲ್ಲಿ ಮಕ್ಕಳಿಗೂ ಗೊತ್ತು. ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಲಗ್ನವಾದದ್ದೇ ಕಲ್ಯಾಣದ ರಕ್ತಪಾತಕ್ಕೆ ಕಾರಣವಾಯಿತು ಎಂಬುದು ಪ್ರತೀತಿ. ಕೊಲ್ಹಾಪುರಿ ಚಪ್ಪಲಿಯ ಮೂಲವನ್ನು ಬಿಜ್ಜಳ, ಬಸವಣ್ಣನ ಕಾಲಕ್ಕೆ ಒಯ್ಯುವ ರೂಢಿಯೂ ಇದೆ. ಈಗಿನ ಚಪ್ಪಲಿಗೂ ಆ ಕಾಲದ ಪಾದರಕ್ಷೆಗೂ ನೇರ ನಂಟು ಹಚ್ಚುವುದು ಭಕ್ತಿಯ ಮಾತು. ಆದರೆ ಇಂಥ ಪುರಾಣ ಎಲ್ಲ ಚಪ್ಪಲಿಗೂ ಇರುವುದಿಲ್ಲ.

ತೊಗಲಿನ ಹದ ನೋಡಬೇಕಾದ ಕೆಲಸ. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ಸಡಿಲಾದ ಮೇಲೆ ಹೆರೆದು ತೆಗೆಯುತ್ತಾರೆ. ಸುಣ್ಣ ಹೋಗುವಂತೆ ತೊಳೆದು ಜಾಲಿ ತೊಗಟೆ, ಅಳಲೆಕಾಯಿ ಪುಡಿಯ ನೀರಿಗೆ ಹಾಕುತ್ತಾರೆ. ನಿಜವಾದ ಜಾಣ್ಮೆ ಮುಂದಿನದು. ತೊಗಲಿನ ಅಂಚುಗಳನ್ನು ಕೂಡಿಸಿ ಚೀಲದ ಹಾಗೆ ಹೊಲಿದು, ಮೇಲೆ ತೂಗುಹಾಕಿ, ಒಳಗೆ ತೊಗಟೆಯ ಚೂರು ತುರುಕಿ ಕಷಾಯ ತುಂಬುತ್ತಾರೆ. ಕಷಾಯ ತೊಗಲಿನೊಳಗಿಂದಲೇ ಜಿನುಗಿ ಕೆಳಗಿನ ಪಾತ್ರೆಗೆ ಹನಿಯುತ್ತದೆ. ಅದನ್ನೇ ಎತ್ತಿ ಮತ್ತೆ ಮೇಲಿನಿಂದ ಸುರಿಯುತ್ತಾರೆ. ಕೆಲವು ದಿನ ಬಿಟ್ಟು ಚೀಲವನ್ನು ತಲೆಕೆಳಗು ಮಾಡಿ ಹೊಲಿದು ಇನ್ನೊಂದು ತುದಿಗೂ ಇದೇ ಉಪಚಾರ. ಕ್ರೋಮ್ ಉಪ್ಪಿನಲ್ಲಿ ಕೆಲವೇ ದಿನಕ್ಕೆ ಮುಗಿಯುವುದು ಇಲ್ಲಿ ವಾರಗಟ್ಟಲೆ ಹಿಡಿಯುತ್ತದೆ. ಹೀಗೆ ಹದವಾದ ತೊಗಲು ಬೆವರು ಹೀರುತ್ತದೆ, ಉರಿ ಬಿಸಿಲಿನಲ್ಲೂ ಕಾಲನ್ನು ತಂಪಾಗಿಡುತ್ತದೆ, ಹಾಕಿಕೊಂಡವರ ಪಾದದ ಅಚ್ಚಿಗೆ ಒಗ್ಗುತ್ತದೆ. ಮಳೆ ಮಾತ್ರ ಅದಕ್ಕೆ ಆಗದು. ಶ್ರಾವಣದ ಜಿಟಿಜಿಟಿಯಲ್ಲಿ ತೊಗಲು ಒಣಗುವುದಿಲ್ಲ, ಗಿರಾಕಿಯೂ ಬರುವುದಿಲ್ಲ. ಕೃಷ್ಣೆ ಏರಿ ದಿಗ್ಗೇವಾಡಿ, ಕುಡಚಿಯಂಥ ದಂಡೆಯ ಊರುಗಳಿಗೆ ನೀರು ನುಗ್ಗುವ ವರ್ಷಗಳಲ್ಲಂತೂ, 2019ರಲ್ಲಿ ಆದಂತೆ, ಸಂತೆಯೇ ನಿಂತುಹೋಗುತ್ತದೆ.

ಚಪ್ಪಲಿಗೆ ಎಮ್ಮೆ ತೊಗಲಿನ ದಪ್ಪ ಅಟ್ಟೆಯನ್ನು ನೀರಿನಲ್ಲಿ ನೆನೆಸಿ, ಕಲ್ಲಿನ ಮೇಲಿಟ್ಟು ಬಡಿದು ಬಿಗಿ ಮಾಡುತ್ತಾರೆ. ರಂಪಿಗೆ ಹಿಡಿದು ಅಳತೆಗೆ ಕೊಯ್ಯುತ್ತಾರೆ. ಎರಡು ಅಟ್ಟೆಗಳ ನಡುವೆ ಪಕ್ಕದ ಕಿವಿಗಳನ್ನು ಸಿಕ್ಕಿಸಿ, ತೊಗಲಿನದೇ ಎಳೆಯಿಂದ ಸುತ್ತಲೂ ಹೊಲಿಯುತ್ತಾರೆ. ಮೊಳೆಗೆ ಕೆಲಸವಿಲ್ಲ. ಆಮೇಲೆ ಮೇಲ್ಪಟ್ಟಿ, ಹೆಬ್ಬೆರಳಿನ ಉಂಗುಟ. ಪಟ್ಟಿಯ ಮೇಲಿನ ಜಡೆಗೆ ಆಡಿನ ತೊಗಲನ್ನು ದಾರದಷ್ಟು ಸಣ್ಣಗೆ ಸೀಳಿ ಹೆಣೆಯಬೇಕು. ಎಳೆ ಒಂದು ಕಡೆ ದಪ್ಪವಾದರೂ ಜಡೆ ಸೊಟ್ಟಗಾಗುತ್ತದೆ. ನಡೆದರೆ ಕರಕರ ಸದ್ದು ಬರಲೆಂದು ಅಟ್ಟೆಗಳ ನಡುವೆ ಬೀಜ ಇಟ್ಟು ಹೊಲಿಯುವ ಜಾತಿಯೂ ಉಂಟು. ಬರುವುದು ಗೊತ್ತಾಗಲೆಂದು ಹಳೆಯ ಕಾಲದ ಗೌಡರು ಅದನ್ನು ಇಷ್ಟಪಡುತ್ತಿದ್ದರು. ಚಿಂಚಲಿಯ ಮಾಯಕ್ಕನ ಜಾತ್ರೆಗೆ ಕಂಬಳಿ ಹೊದ್ದು ಬರುವ ಕುರುಬರ ಕಾಲಲ್ಲಿ ಇಂದಿಗೂ ಕಾಣುವ ದಪ್ಪ ಜೋಡು ಇದರ ದೊಡ್ಡಪ್ಪ. ಕಲ್ಲು ಮುಳ್ಳಿನಲ್ಲಿ ಕುರಿಯ ಹಿಂದೆ ತಿರುಗುವವನಿಗೆ ಚಂದಕ್ಕಿಂತ ಬಾಳಿಕೆ ಮುಖ್ಯ.

ಬಡಿಯುವುದು, ಕೊಯ್ಯುವುದು ಗಂಡಸರ ಕೆಲಸ. ಹೊಲಿಗೆ, ಹೆಣಿಗೆ ಹೆಂಗಸರದು. ತಯಾರಾದ ಮಾಲನ್ನು ಗಂಟು ಕಟ್ಟಿ ಪೇಟೆಗೆ ಒಯ್ಯುವವರು ಮತ್ತೆ ಗಂಡಸರು. ಚಪ್ಪಲಿಯ ಮೈಮೇಲೆ ಹೆಚ್ಚು ಹೊತ್ತು ಕೈಯಾಡಿಸಿದವಳು ಅದರ ಬೆಲೆಯನ್ನು ಕೇಳಿದವಳಲ್ಲ. ಮನೆಯೊಳಗಿನ ಈ ತಾರತಮ್ಯವನ್ನು ಮುಂದೆ ಯಾರೋ ಗಮನಿಸಲಿದ್ದರು. ಅದಕ್ಕೆ ಇನ್ನೂ ಬಹಳ ವರ್ಷ ಇತ್ತು.

ಅದಕ್ಕೂ ಮೊದಲು ರಾಯಬಾಗದ ಮಂದಿಗೂ ಧಣಿಯಾಗಿದ್ದ ಕೊಲ್ಹಾಪುರದ ಶಾಹೂ ಮಹಾರಾಜರ ಕಾಲ ಬಂತು. 1894ರಲ್ಲಿ ಪಟ್ಟಕ್ಕೆ ಬಂದ ಅವರು 1902ರಲ್ಲಿ ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ನೂರಕ್ಕೆ 50 ಜಾಗ ತೆಗೆದಿಟ್ಟದ್ದು ಎಲ್ಲರಿಗೂ ಗೊತ್ತು. ಚಪ್ಪಲಿ ಕಸುಬಿಗೂ ತೊಗಲು ಹದ ಮಾಡುವ ಕೇಂದ್ರಗಳಿಗೂ ಅವರು ಆಸರೆಯಾದರು, ತಾವೂ ಅದೇ ಚಪ್ಪಲಿ ಮೆಟ್ಟಿದರು. ಆದರೆ ಕೇರಿಯ ವ್ಯಾಪಾರದ ಕಥೆಯಲ್ಲಿ ಅದಕ್ಕಿಂತ ದೊಡ್ಡದು ಒಂದು ಚಹಾದಂಗಡಿ.

ಗಂಗಾರಾಮ ಕಾಂಬಳೆ ಎಂಬ ದಲಿತರು ಅರಮನೆಯ ಲಾಯದಲ್ಲಿ ಚಾಕರಿಯಲ್ಲಿದ್ದರು. ಮೇಲ್ಜಾತಿಯವರ ನೀರು ಮುಟ್ಟಿದ ತಪ್ಪಿಗೆ ಅವರನ್ನು ಹಿಡಿದು ಹೊಡೆದರು. ದೂರು ಮಹಾರಾಜರವರೆಗೆ ಹೋಯಿತು. ಹೊಡೆದವರಿಗೆ ಶಿಕ್ಷೆಯಾಯಿತು. ಶಾಹೂ ಅಷ್ಟಕ್ಕೆ ಬಿಡಲಿಲ್ಲ. ಗಂಗಾರಾಮರ ಕೈಗೆ ದುಡ್ಡು ಕೊಟ್ಟು ಸ್ವಂತ ಉದ್ಯೋಗ ಹೂಡಲು ಹೇಳಿದರು. ಊರೊಳಗೆ ‘ಸತ್ಯಸುಧಾರಕ’ ಎಂಬ ಹೋಟೆಲು ಎದ್ದಿತು. ಅಂಗಡಿಯೇನೋ ಸ್ವಚ್ಛ, ಚಹಾವೂ ಚೊಕ್ಕ, ಆದರೆ ಮುಟ್ಟುವವರು ಯಾರು? ಸುದ್ದಿ ತಿಳಿದ ಮಹಾರಾಜರು ಗಾಡಿಯನ್ನು ಅಂಗಡಿ ಮುಂದೆ ನಿಲ್ಲಿಸಿ, ನಾಲ್ಕು ಜನ ನೋಡುವಂತೆ ಚಹಾ ತರಿಸಿ ಕುಡಿದರು, ಜೊತೆಗಿದ್ದ ಮೇಲ್ಜಾತಿಯವರಿಗೂ ಕುಡಿಸಿದರು. ಕೇರಿಯವನಿಗೆ ಬಂಡವಾಳ ಕೊಟ್ಟರೆ ಅರ್ಧ ಕೆಲಸವಾಯಿತು, ಇನ್ನರ್ಧ ಗಿರಾಕಿಯನ್ನು ತರುವುದು ಎಂಬುದನ್ನು ಶಾಹೂ ಅರಿತಿದ್ದರು. ಇಂದಿಗೂ ಸಾಲ ಮೇಳಗಳನ್ನು ನಡೆಸುವ ಇಲಾಖೆಗಳಿಗೆ ಈ ಎರಡನೆಯ ಅರ್ಧ ಅಷ್ಟಾಗಿ ನೆನಪಿರುವುದಿಲ್ಲ.

1920ರ ಮಾರ್ಚ್‌ನಲ್ಲಿ ಮಾಣಗಾವಿಯ ದಲಿತರ ಪರಿಷತ್ತಿನಲ್ಲಿ ಶಾಹೂ ಮತ್ತು ಅಂಬೇಡ್ಕರ್ ಒಂದೇ ವೇದಿಕೆಯಲ್ಲಿದ್ದರು. ಶಾಹೂ ತೀರಿಕೊಂಡ ಸುಮಾರು ಮೂರು ವರ್ಷಕ್ಕೆ, 1925ರ ಏಪ್ರಿಲ್‌ನಲ್ಲಿ, ಮುಂಬಯಿ ಪ್ರಾಂತದ ದಲಿತರ ಪರಿಷತ್ತು ನಿಪ್ಪಾಣಿಯಲ್ಲೇ ಸೇರಿತು. ಅಂಬೇಡ್ಕರ್ ಬಂದು ಮಾತಾಡಿದರು. ತಂಬಾಕಿನ ವಖಾರಗಳಿಂದ ಹೆಸರಾದ ಈ ಪೇಟೆಯಲ್ಲಿ ಕೇರಿಯವರ ಬದುಕು ಹೀಗೆ ಬಹಿರಂಗ ಚರ್ಚೆಗೆ ಬಂತು. ಮೆಟ್ಟು ಹೊಲಿದು ಕೊಟ್ಟವನೇ ಮೇಲ್ಜಾತಿಯವರ ಓಣಿಯಲ್ಲಿ ತನ್ನ ಮೆಟ್ಟನ್ನು ಕೈಯಲ್ಲಿ ಹಿಡಿದು ನಡೆಯಬೇಕಾಗಿದ್ದ ಕಾಲ ಅದು.

ಇದೇ 1920ರ ದಶಕದಲ್ಲಿ ಕೊಲ್ಹಾಪುರಿಯ ಮೈ ಹಗುರಾಯಿತು. ಕೊಲ್ಹಾಪುರದ ಸೌದಾಗರ ಮನೆತನದವರು ಪಕ್ಕಕ್ಕೆ ಕಿವಿಗಳಿರುವ ತೆಳು ಜಾತಿಯ ಚಪ್ಪಲಿ ಮಾಡಿ ‘ಕಾನವಾಲಿ’ ಎಂದರೆಂದೂ, ಮುಂಬಯಿಯ ಜೆ.ಜೆ. ಆ್ಯಂಡ್ ಸನ್ಸ್ ಅಂಗಡಿ ಅದನ್ನು ಮಾರಿ ಪಟ್ಟಣದವರಿಗೆ ರುಚಿ ಹತ್ತಿಸಿತೆಂದೂ ಕೊಲ್ಹಾಪುರದವರು ಹೇಳುತ್ತಾರೆ. ಗೌಡರ ಕಾಲಿನಿಂದ ಗುಮಾಸ್ತರ ಕಾಲಿಗೆ, ಅಲ್ಲಿಂದ ಕಾಲೇಜು ಹುಡುಗಿಯರ ಕಾಲಿಗೆ ಅದು ಇಳಿಯಿತು. 1970ರ ದಶಕದಲ್ಲಿ ಹಿಪ್ಪಿಗಳು ಮೆಚ್ಚಿ ಮೆಟ್ಟಿದರು, ಯುರೋಪು, ಅಮೆರಿಕಕ್ಕೆ ರಫ್ತು ನಡೆಯಿತು. ಮಾಲು ಬೇಕೆಂದಾಗ ವ್ಯಾಪಾರಿಗಳು ನೋಡಿದ್ದು ಅಥಣಿಯ ಕಡೆ. ಇಲ್ಲಿ ಕೈಗಳಿದ್ದವು, ಕೂಲಿ ಅಗ್ಗವಿತ್ತು.

ಆ ಬೇಡಿಕೆಯಿಂದ ಕೇರಿಗೆ ಬಂದದ್ದು ಕಡಿಮೆ. ವ್ಯಾಪಾರಿ ತೊಗಲನ್ನು ಉದ್ರಿ ಕೊಡುತ್ತಿದ್ದ, ಹಬ್ಬಕ್ಕೋ ಲಗ್ನಕ್ಕೋ ಮುಂಗಡವನ್ನೂ ಕೊಡುತ್ತಿದ್ದ. ಮಾಲು ತಂದಾಗ ದರ ಅವನೇ ಹೇಳುತ್ತಿದ್ದ, ಹಳೆಯ ಬಾಕಿಯನ್ನು ಅವನೇ ಹಿಡಿದುಕೊಳ್ಳುತ್ತಿದ್ದ. ಮಳೆಗಾಲದಲ್ಲಿ ಕೆಲಸವಿಲ್ಲದೆ ಮತ್ತೆ ಸಾಲ. ಬಾಟಾದಂಥ ಕಾರ್ಖಾನೆಯ ಮಾಲು ಬಂತು. ಅದರ ಹಿಂದೆಯೇ ಹವಾಯಿ, ರಬ್ಬರು, ಪ್ಲಾಸ್ಟಿಕ್ಕು. 1980ರ ದಶಕ ಮುಗಿಯುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಮಗನಿಗೆ ರಂಪಿಗೆ ಕೊಡುವ ಬದಲು ಮುಂಬಯಿಗೋ ಪುಣೆಗೋ ಕಳಿಸುವ ಯೋಚನೆ ಬಂದಿತ್ತು.

ಸರ್ಕಾರ ಕಣ್ಣುಮುಚ್ಚಿ ಕೂತಿರಲಿಲ್ಲ. 1976ರಲ್ಲಿ ಕರ್ನಾಟಕದಲ್ಲಿ ಚರ್ಮ ಕೈಗಾರಿಕೆಗೆಂದೇ ನಿಗಮ ಬಂತು, ಈಗ ಡಾ. ಬಾಬು ಜಗಜೀವನರಾಂ ಹೆಸರು ಹೊತ್ತಿರುವ ಅದನ್ನು ಎಲ್ಲರೂ ಲಿಡ್ಕರ್ ಎನ್ನುತ್ತಾರೆ. ತರಬೇತಿ, ಸಲಕರಣೆ, ಮನೆಯ ಜೊತೆಗೇ ಕೆಲಸದ ಕೋಣೆ ಕಟ್ಟಿಸುವ ಯೋಜನೆ, ತನ್ನದೇ ಮಳಿಗೆ ಎಲ್ಲವೂ ಬಂದವು. ಉಪಯೋಗವಾಗಲಿಲ್ಲ ಎನ್ನುವಂತಿಲ್ಲ. ದರ ಕಟ್ಟುವ ಗಾದಿ ಮಾತ್ರ ಕದಲಲಿಲ್ಲ.

ಅದು ಅಲುಗಾಡಿದ್ದು 1990ರ ದಶಕದ ಕೊನೆಯಲ್ಲಿ. ಬೆಂಗಳೂರಿನ ಮಧುರಾ ಛತ್ರಪತಿ ಅವರ ‘ಅಸೆಂಟ್’ ಸಂಸ್ಥೆ ಅಥಣಿಗೆ ಬಂದಿತು. ಬೆನ್ನಿಗೆ ಕೇಂದ್ರ ಸರ್ಕಾರ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಚರ್ಮ ಯೋಜನೆ ಇತ್ತು, ತಂತ್ರಜ್ಞಾನಕ್ಕೆ ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯ ನೆರವಿತ್ತು. ಬಂದವರು ಮೊದಲು ಗಮನಿಸಿದ್ದು ಹೆಣೆಯುವ ಹೆಂಗಸರನ್ನು. ಅವರನ್ನು ಸ್ವಸಹಾಯ ಗುಂಪುಗಳಾಗಿ ಕೂಡಿಸಿದರು. ಗುಂಪುಗಳು ಸೇರಿ ‘ಟೋಹೋಲ್ಡ್’ ಎಂಬ ಒಕ್ಕೂಟವಾಯಿತು. ಒಡೆತನ ಕಸುಬಿನವರದೇ.

ಹೊರಗಿನಿಂದ ನೋಡಿದರೆ ಬದಲಾದದ್ದು ಸಣ್ಣ ಸಂಗತಿಗಳು. ಮೊದಲು ಒಬ್ಬೊಬ್ಬರ ಅಳತೆ ಒಂದೊಂದು. ಎಡಗಾಲಿನದೂ ಬಲಗಾಲಿನದೂ ಜೋಡಿಯಾಗದಿರುವುದೂ ಇತ್ತು. ಪ್ಯಾರಿಸ್ಸಿನ ಗಿರಾಕಿಗೆ 38 ಎಂದರೆ 38ರದೇ ಬೇಕು. ಹಾಗಾಗಿ ನಂಬರಿನ ಅಚ್ಚು ಬಂತು, ಒಂದೇ ಅಳತೆಗೆ ಕೊಯ್ಯುವ ಶಿಸ್ತು ಬಂತು, ಹೊಸ ಬಣ್ಣ, ಹೊಸ ನಮೂನೆಗಳು ಬಂದವು. ಆರ್ಡರು ಒಕ್ಕೂಟಕ್ಕೆ ಬರುತ್ತಿತ್ತು, ಅಲ್ಲಿಂದ ಗುಂಪುಗಳಿಗೆ ಹಂಚಿಕೆ. ಸರಿಬಾರದ ಜೋಡು ತಿರುಗಿ ಮನೆಗೆ. ದರ ಎಷ್ಟೆಂದು ಮೊದಲೇ ಗೊತ್ತಿರುತ್ತಿತ್ತು, ಹಣ ಹೆಂಗಸರ ಹೆಸರಿನ ಬ್ಯಾಂಕ್ ಖಾತೆಗೆ. ವಿದೇಶದ ಮೇಳಗಳಿಗೆ ಅಥಣಿಯ ಹೆಂಗಸರು ಮಾಲಿನ ಜೊತೆಗೆ ತಾವೂ ಹೋದರು.

ಕೇರಿಯ ದುಡಿಮೆ ಕೇರಿಯಲ್ಲೇ ಉಳಿದರೆ ಏನಾಗುತ್ತದೆಂದು ನೋಡಲು ಸ್ವಲ್ಪ ದೂರ ಹೋಗಬೇಕು. ಅಮೆರಿಕದ ಷಿಕಾಗೋದಲ್ಲಿ 26ನೇ ರಸ್ತೆ ಎಂಬುದಿದೆ. ಒಂದು ಕಾಲಕ್ಕೆ ಅದು ಚೆಕ್ ಜನರ ವಸತಿ. ಅವರು ಹೊರವಲಯಕ್ಕೆ ಸರಿದ ಮೇಲೆ ಮೆಕ್ಸಿಕೋದ ದುಡಿಯುವ ಜನ ಬಂದು ನೆಲೆಸಿದರು. ಬೇಕರಿ, ದಿನಸಿ, ಮದುವೆ ಬಟ್ಟೆಯ ಅಂಗಡಿ, ರೊಟ್ಟಿ ಮಾಡುವ ಸಣ್ಣ ಕಾರ್ಖಾನೆ ಎಂದು ಒಂದೊಂದಾಗಿ ತೆರೆದು ಆ ರಸ್ತೆಯನ್ನು ಊರಿನ ಅತಿ ಹೆಚ್ಚು ವಹಿವಾಟಿನ ರಸ್ತೆಗಳ ಸಾಲಿಗೆ ತಂದರು. ಲಿಟ್ಲ್ ವಿಲೇಜ್ ಎಂಬ ಆ ವಸತಿಯ ಬಾಗಿಲಿಗೆ 1990ರ ಸುಮಾರಿಗೆ ಸ್ಪ್ಯಾನಿಷ್ ಸ್ವಾಗತದ ಕಮಾನೂ ಬಂತು. ಅಲ್ಲಿಯವರಿಗೆ ಒಂದು ಅನುಕೂಲವಿತ್ತು: ಮಾಲು ಅಲ್ಲಿಯದೇ, ಅಂಗಡಿ ಅಲ್ಲಿಯದೇ, ಗಿರಾಕಿಯೂ ಬಹುಪಾಲು ಅಲ್ಲಿಯವನೇ. ಕೇರಿಯಲ್ಲಿ ಹುಟ್ಟಿದ ಹಣ ಕೇರಿಯಲ್ಲಿ ಇನ್ನೂ ಎರಡು ಸುತ್ತು ತಿರುಗುತ್ತಿತ್ತು. ಅಥಣಿಯ ಓಣಿಗೆ ಕಮಾನಿಲ್ಲ, ಗಾಜಿನ ಅಂಗಡಿಗಳಿಲ್ಲ. ಇಲ್ಲಿ ಗಿರಾಕಿ ನೂರಾರು ಮೈಲಿ ಆಚೆ ಇದ್ದಾನೆ. ಹಾಗಾಗಿ ಒಕ್ಕೂಟದ ಆರ್ಡರ್ ಪುಸ್ತಕವೇ ಇಲ್ಲಿಯ ಪೇಟೆ ಬೀದಿ. ಅದು ತುಂಬಿದ ವರ್ಷ ಮನೆಗೆ ಕಾಂಕ್ರೀಟು ಸೂರು ಬೀಳುತ್ತದೆ, ಹುಡುಗಿಯರು ಹೈಸ್ಕೂಲು ಮುಗಿಸುತ್ತಾರೆ. ತೆಳ್ಳಗಾದ ವರ್ಷ ಹಳೆಯ ವ್ಯಾಪಾರಿ ಮತ್ತೆ ಬಾಗಿಲಿಗೆ ಬರುತ್ತಾನೆ. ಟೋಹೋಲ್ಡ್ ಎಲ್ಲ ಮನೆಗಳನ್ನೂ ಮುಟ್ಟಲಿಲ್ಲ, ಮುಟ್ಟಲು ಅದರಿಂದ ಆಗುವಂತೆಯೂ ಇರಲಿಲ್ಲ. ಅದರ ಹೊರಗೆ ಉಳಿದವರಿಗೆ ಉದ್ರಿ ತೊಗಲೇ ಗತಿ.

ತೊಗಲಿನದೇ ಈಗ ದೊಡ್ಡ ತಾಪತ್ರಯ. ಮಹಾರಾಷ್ಟ್ರದಲ್ಲಿ 2015ರಿಂದ ಎತ್ತು, ಹೋರಿಗಳ ವಧೆಗೂ ನಿಷೇಧ. ಕರ್ನಾಟಕದಲ್ಲಿ 2021ರಿಂದ ಹೊಸ ಗೋಹತ್ಯೆ ನಿಷೇಧ ಕಾಯ್ದೆ. ಹಸಿ ತೊಗಲಿನ ಸಾಗಣೆಗೆ ಹೆದರಿಕೆ, ತೊಗಲಿಗೆ ಏರಿದ ದರ. ಜಾಲಿ ತೊಗಟೆಯಲ್ಲಿ ವಾರಗಟ್ಟಲೆ ಕಾಯುವ ಢೋರರ ಮನೆಗಳು ಕಡಿಮೆಯಾಗಿ, ದೂರದ ಊರುಗಳ ತೊಗಲಿಗೆ ಕಾಯಬೇಕಾಗಿದೆ. ಇತ್ತ ರೆಕ್ಸಿನ್ನಿನ, ಯಂತ್ರ ಹೊಲಿದ ‘ಕೊಲ್ಹಾಪುರಿ’ಗಳು ಫುಟ್‌ಪಾತಿನಲ್ಲೂ ಮೊಬೈಲಿನಲ್ಲೂ ಕಾಲು ಬೆಲೆಗೆ ಸಿಗುತ್ತವೆ. 2022ರ ಜನವರಿಯಿಂದ ಸಾವಿರ ರೂಪಾಯಿಯೊಳಗಿನ ಪಾದರಕ್ಷೆಯ ಜಿಎಸ್‌ಟಿಯನ್ನು ಶೇ 5ರಿಂದ 12ಕ್ಕೆ ಏರಿಸಿದಾಗ ಕೈಕಸುಬಿಗೂ ಕಾರ್ಖಾನೆಗೂ ಒಂದೇ ತಕ್ಕಡಿ ಹಿಡಿದರು. 2025ರ ಸೆಪ್ಟೆಂಬರಿನಲ್ಲಿ ಅದು ಮತ್ತೆ 5ಕ್ಕೆ ಇಳಿಯಿತು.

ಹೆಸರಿನ ಜಗಳ ಒಂದು ಮಟ್ಟಕ್ಕೆ ತೀರಿದ್ದು ಭೌಗೋಳಿಕ ಗುರುತಿನ ನೋಂದಣಿಯಿಂದ. 2019ರಲ್ಲಿ ಸುದ್ದಿ ಹೊರಬಿದ್ದಾಗ ಅದರಲ್ಲಿ ಎಂಟು ಜಿಲ್ಲೆಗಳಿದ್ದವು: ಆ ಕಡೆಯ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರ, ಈ ಕಡೆಯ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಹಕ್ಕುದಾರರು ಮಹಾರಾಷ್ಟ್ರದ ಚರ್ಮ ನಿಗಮವಾದ ಲಿಡ್ಕಾಂ ಮತ್ತು ಕರ್ನಾಟಕದ ಲಿಡ್ಕರ್. ಇದು ತಾನಾಗಿ ಸಿಕ್ಕಿದ್ದಲ್ಲ. ಮಹಾರಾಷ್ಟ್ರ ತನಗೊಂದಕ್ಕೇ ಹಕ್ಕು ಕೇಳಿದಾಗ ಲಿಡ್ಕರ್ ಹೋರಾಡಿ ಪಾಲು ಪಡೆಯಿತೆಂದು ಸಚಿವ ಪ್ರಿಯಾಂಕ್ ಖರ್ಗೆ 2025ರಲ್ಲಿ ನೆನಪಿಸಿದರು. ಭಾಷೆಗೂ ಗಡಿಗೂ ದಶಕಗಟ್ಟಲೆ ಕೋರ್ಟು ಕಚೇರಿ ಹತ್ತಿದ ಎರಡು ರಾಜ್ಯಗಳು ಒಂದೇ ಕಾಗದಕ್ಕೆ ರುಜು ಹಾಕಿದ್ದು ಚಪ್ಪಲಿಗಾಗಿ ಎಂದರೆ ಯಾರಿಗಾದರೂ ನಗು ಬಂದೀತು.

ಖರ್ಗೆ ಆ ಮಾತು ಆಡಿದ್ದು ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾದ ಗಲಾಟೆಯ ನಡುವೆ. 2025ರ ಜೂನ್‌ನಲ್ಲಿ ಮಿಲಾನಿನ ಫ್ಯಾಷನ್ ಮೇಳದಲ್ಲಿ ಆ ಕಂಪನಿಯ ರೂಪದರ್ಶಿಗಳು ಕೊಲ್ಹಾಪುರಿಯಂಥದೇ ಮೆಟ್ಟಿ ನಡೆದರು, ಕಂಪನಿ ಅದನ್ನು ಬರೀ ಚರ್ಮದ ಸ್ಯಾಂಡಲ್ ಎಂದಿತು. ಇಲ್ಲಿ ಸಿಟ್ಟು ಹೊತ್ತಿಕೊಂಡಿತು. ಆ ನಮೂನೆಗೆ ಭಾರತದ ಪಾದರಕ್ಷೆ ಪ್ರೇರಣೆ ಎಂದು ಕಂಪನಿ ಒಪ್ಪಿತು, ಜುಲೈನಲ್ಲಿ ಅದರ ತಂಡ ಕೊಲ್ಹಾಪುರಕ್ಕೆ ಬಂತು. ಡಿಸೆಂಬರ್‌ನಲ್ಲಿ ಮುಂಬಯಿಯಲ್ಲಿ ಲಿಡ್ಕಾಂ, ಲಿಡ್ಕರ್ ಎರಡರ ಜೊತೆಗೂ ಒಪ್ಪಂದವಾಯಿತು: ಎರಡೂ ರಾಜ್ಯಗಳ ಕಸುಬಿನವರ ಕೈಯಿಂದ 2,000 ಜೋಡಿ, ಒಂದು ಜೋಡಿಗೆ ಸುಮಾರು 800 ಯೂರೋ, ಅಂದರೆ 80 ಸಾವಿರ ರೂಪಾಯಿಗೂ ಮೇಲೆ.

80 ಸಾವಿರದಲ್ಲಿ ಹೊಲಿದವರಿಗೆ ಎಷ್ಟು ಎಂದು ಅಥಣಿಯಲ್ಲಿ ಯಾರಾದರೂ ಕೇಳಿದರೆ ಅದು ಅಸೂಯೆಯಲ್ಲ, ನೂರು ವರ್ಷದ ಅನುಭವ. ಒಪ್ಪಂದದಲ್ಲಿ ಮೂರು ವರ್ಷದ ತರಬೇತಿಯ ಮಾತೂ ಇದೆ. ಕೆಲವರಿಗೆ ಇಟಲಿಯ ಪ್ರಾಡಾ ಅಕಾಡೆಮಿಗೆ ಹೋಗಿ ಕಲಿತು ಬರುವ ಅವಕಾಶ. ಹೆಸರುಗಳನ್ನು ಆರಿಸುವಾಗ ಲಿಡ್ಕರ್ ಅಥಣಿ, ನಿಪ್ಪಾಣಿ, ರಾಯಬಾಗದ ಪಟ್ಟಿಯನ್ನು ಮೇಜಿನ ಮೇಲಿಡಬೇಕು, ಆ ಪಟ್ಟಿಯಲ್ಲಿ ಜಡೆ ಹೆಣೆಯುವ ಹೆಂಗಸರು ಎಷ್ಟಿದ್ದಾರೆ ಎಂದು ಎಣಿಸಬೇಕು.